ಪಿಯುನಲ್ಲಿ 286, ಸಿಇಟಿಯಲ್ಲಿ 88: ಸೀಟಿನ ಆಸೆ ಇಟ್ಟುಕೊಳ್ಳಬಹುದೇ, ಒಂದು ವರ್ಷ ಬಿಡಿಸಬೇಕೇ?

ನಾಪೋಕ್ಲು ತೋಟದವ:
ನನ್ನ ಮಗಳು ಈ ವರ್ಷ ದ್ವಿತೀಯ ಪಿಯು ವಿಜ್ಞಾನ ಮುಗಿಸಿದ್ದಾಳೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ 300ಕ್ಕೆ 286 ಅಂಕ ಬಂದಾಗ ಮನೆಯವರೆಲ್ಲ ಹಿಗ್ಗಿದ್ದೆವು. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಕೆಸಿಇಟಿಯ (ಸಿಇಟಿ) ಕೀ ಉತ್ತರಗಳು ಬಂದ ಮೇಲೆ ಆ ಹಿಗ್ಗು ಇಳಿದಿದೆ, ಏಕೆಂದರೆ ಅವಳೇ ಕುಳಿತು ತಾಳೆ ನೋಡಿದಾಗ 180ಕ್ಕೆ 88ಕ್ಕಿಂತ ಹೆಚ್ಚು ಬರುವಂತೆ ಕಾಣುತ್ತಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಕೂಡ ಬರೆದಿದ್ದಾಳೆ, ಅದೂ ಸಾಧಾರಣವೇ. ಅವಳ ಮೊದಲ ಆಸೆ ಕಂಪ್ಯೂಟರ್ ಸೈನ್ಸ್, ಅದೂ ಮೈಸೂರಿನಲ್ಲಿ. ಎರಡನೆಯದು ಅರಣ್ಯಶಾಸ್ತ್ರ ಅಥವಾ ಕೃಷಿ.

ನೆಂಟರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಒಂದು ವರ್ಷ ಬಿಡಿಸಿ ಘಟ್ಟದ ಕೆಳಗಿನ ಯಾವುದಾದರೂ ಕೋಚಿಂಗಿಗೆ ಹಾಕಿ ಎನ್ನುವವರು ಕೆಲವರು, ಕಾಫಿಗೆ ಬೆಲೆ ಬಂದಿರುವಾಗ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳಲು ಏನು ಕಷ್ಟ ಎನ್ನುವವರು ಇನ್ನು ಕೆಲವರು. ತರಗತಿಯಲ್ಲಿ ಇಷ್ಟು ಚೆನ್ನಾಗಿ ಓದುವ ಹುಡುಗಿ ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಏಕೆ ಹಿಂದೆ ಬಿದ್ದಳು, ಈ 286ಕ್ಕೆ ನಿಜಕ್ಕೂ ಎಲ್ಲೆಲ್ಲಿ ಬೆಲೆಯಿದೆ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ವಿರಾಜಪೇಟೆ ನೇರನುಡಿ:
88 ಎಂದರೆ ಅರ್ಧಕ್ಕಿಂತ ಕಡಿಮೆ. ಮೈಸೂರಿನ ಕಂಪ್ಯೂಟರ್ ಸೈನ್ಸನ್ನು ಮರೆತುಬಿಡುವುದು ಒಳ್ಳೆಯದು.

ಲೆಕ್ಕದ ಮೇಷ್ಟ್ರು, ಮಡಿಕೇರಿ:
ಮರೆಯುವ ಮುನ್ನ ಲೆಕ್ಕವನ್ನಾದರೂ ಮಾಡಬೇಕಲ್ಲವೇ? ಎಂಜಿನಿಯರಿಂಗ್ ರ‍್ಯಾಂಕಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿಯುವಿನ ಮೂರು ವಿಷಯಗಳ ಅಂಕದಿಂದ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳ ಅಂಕದಿಂದ ಅರ್ಧ ತೆಗೆದುಕೊಳ್ಳುತ್ತದೆ. ನಿಮ್ಮ ಮಗಳ 286 ಎಂದರೆ ಶೇ. 95.33; ಅದರ ಅರ್ಧ 47.67. ಸಿಇಟಿಯ 88 ಎಂದರೆ ಶೇ. 48.89, ಅದರ ಅರ್ಧ 24.44. ಒಟ್ಟು 72.11 ಆಯಿತು.

ಈಗ ಸಿಇಟಿಯಲ್ಲಿ 112 ಪಡೆದು ಪಿಯುನಲ್ಲಿ 252ಕ್ಕೆ ನಿಂತ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಅವನ ಪಿಯು ಭಾಗ 42, ಸಿಇಟಿ ಭಾಗ 31.11, ಒಟ್ಟು 73.11. ಸಿಇಟಿಯಲ್ಲಿ 24 ಅಂಕ ಮುಂದಿದ್ದರೂ ಕೊನೆಗೆ ಅವನು ಮುಂದಿರುವುದು ಬರೀ ಒಂದು ಅಂಕದಷ್ಟು. ಸಿಇಟಿ ಅಂಕವೊಂದನ್ನೇ ನೋಡಿ ಎದೆಗುಂದುವವರೂ ಬೀಗುವವರೂ ಈ ಲೆಕ್ಕವನ್ನು ಮಾಡಿರುವುದಿಲ್ಲ.

ಕುಶಾಲನಗರದ ಹಳೆ ವಿದ್ಯಾರ್ಥಿ:
ಮೇಷ್ಟ್ರ ಲೆಕ್ಕ ಸರಿಯಾಗಿದೆ, ಆದರೆ ಅದರಿಂದ ಹೊರಡುವ ಸಮಾಧಾನದ ಬಗ್ಗೆ ನನಗೆ ತಕರಾರಿದೆ. ಪಿಯುನಲ್ಲಿ 280 ದಾಟಿದವರು ಇಂದು ರಾಜ್ಯದಾದ್ಯಂತ ತುಂಬಿ ತುಳುಕುತ್ತಿದ್ದಾರೆ. ಮೂರು ವಿಷಯಗಳಲ್ಲಿ ಪ್ರಾಯೋಗಿಕ ಮತ್ತು ಆಂತರಿಕ ಅಂಕಗಳು ಹೆಚ್ಚುಕಡಿಮೆ ಎಲ್ಲರಿಗೂ ತುಂಬಿಯೇ ಬರುತ್ತವೆ. ಹೀಗಾಗಿ ಆ ಅರ್ಧ ಭಾಗದಲ್ಲಿ ಎಲ್ಲರೂ ಒಂದೇ ಕಡೆ ಗುಂಪುಗೂಡಿ ನಿಂತಿರುತ್ತಾರೆ, ಅವರನ್ನು ಬೇರ್ಪಡಿಸಿ ಮುಂದೆ ಹಿಂದೆ ನಿಲ್ಲಿಸುವ ಕೆಲಸವನ್ನು ಸಿಇಟಿ ಭಾಗವೇ ಮಾಡುತ್ತದೆ. ನಿಯಮದಲ್ಲಿ ಅರ್ಧಕ್ಕೆ ಅರ್ಧ ಎಂದು ಬರೆದಿದ್ದರೂ ನಡೆಯುವುದು ಹಾಗಲ್ಲ.

ಲೆಕ್ಕದ ಮೇಷ್ಟ್ರು, ಮಡಿಕೇರಿ:
ಒಪ್ಪುತ್ತೇನೆ, ಮತ್ತು ಅದನ್ನು ಇನ್ನೂ ಗಟ್ಟಿಯಾಗಿ ಹೇಳಬಹುದು. ಸಿಇಟಿಯ ಒಂದು ಸರಿಯುತ್ತರ ಅಂತಿಮ ಲೆಕ್ಕಕ್ಕೆ 0.28 ಕೂಡಿಸಿದರೆ ಪಿಯುವಿನ ಒಂದು ಅಂಕ ಕೂಡಿಸುವುದು 0.17 ಮಾತ್ರ. ಆದರೂ 252 ಪಡೆದವರೂ 240 ಪಡೆದವರೂ ಸಾಲಿನಲ್ಲಿ ಇದ್ದೇ ಇರುತ್ತಾರೆ, ಅವರೆದುರು ಈ ಹುಡುಗಿಗೆ 286 ದೊಡ್ಡ ಆಸರೆ. 285 ಪಡೆದು ಸಿಇಟಿಯಲ್ಲೂ 120 ದಾಟಿದವರ ಎದುರು ಆಸರೆಯಿಲ್ಲ, ಅಷ್ಟೇ.

ಸೋಮವಾರಪೇಟೆ ಸೋದರಮಾವ:
72ಕ್ಕೆ ಎಷ್ಟನೇ ರ‍್ಯಾಂಕ್ ಬರುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನಮ್ಮಂಥವರಿಗೆ ಉಪಕಾರವಾಗುತ್ತದೆ.

ಪಿಯು ಉಪನ್ಯಾಸಕಿ, ಗೋಣಿಕೊಪ್ಪ:
ಹಾಗೆ ಒಂದೇ ಮಾತಿನಲ್ಲಿ ಹೇಳುವವರಿಂದ ದೂರವಿರಿ. ಪ್ರಶ್ನೆಪತ್ರಿಕೆ ಕಠಿಣವಾದ ವರ್ಷ ಅದೇ 72ಕ್ಕೆ ಒಳ್ಳೆಯ ರ‍್ಯಾಂಕ್ ಬರುತ್ತದೆ, ಸುಲಭವಾದ ವರ್ಷ ಕೆಳಗೆ ಜಾರುತ್ತದೆ. 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟಿದ್ದರು, ಆ ವರ್ಷದ ಅಂಕವನ್ನು ಬೇರೆ ವರ್ಷದ ಅಂಕದ ಪಕ್ಕದಲ್ಲಿಟ್ಟು ನೋಡುವುದಕ್ಕೇ ಅರ್ಥವಿಲ್ಲ. ರ‍್ಯಾಂಕ್ ಪ್ರಕಟವಾದ ಮೇಲೆ, ಪ್ರಾಧಿಕಾರವು ಜಾಲತಾಣದಲ್ಲಿ ಹಾಕಿರುವ ಹಿಂದಿನ ವರ್ಷಗಳ ಕಟಾಫ್ ಪಟ್ಟಿಯಲ್ಲಿ, ಅಂದರೆ ಯಾವ ಸೀಟು ಎಷ್ಟನೇ ಸ್ಥಾನದವರೆಗೆ ಸಿಕ್ಕಿತೆಂಬ ಪಟ್ಟಿಯಲ್ಲಿ, ನಿಮ್ಮ ವರ್ಗದ ಅಂಕಣವನ್ನು ಸೀಟು ಹಂಚಿಕೆಯ ಸುತ್ತಿನಿಂದ ಸುತ್ತಿಗೆ ಓದಿ. ಸಾಮಾನ್ಯ ವರ್ಗದ ಅಂಕಣ ನೋಡಿ ಹೆದರಿದ, ಹಿಂದುಳಿದ ವರ್ಗಗಳ ಮೀಸಲಾತಿಯ 3ಎ ವರ್ಗಕ್ಕೆ ಸೇರಿದ ಪೋಷಕರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಏಕೆ ಹೀಗಾಯಿತು ಎಂದು ಕೇಳಿದಿರಲ್ಲ, ಅದಕ್ಕೂ ಉತ್ತರಿಸುತ್ತೇನೆ, ಏಕೆಂದರೆ ಇದು ನಿಮ್ಮ ಮಗಳೊಬ್ಬಳ ಕಥೆಯಲ್ಲ. ಪಿಯು ವಾರ್ಷಿಕ ಪರೀಕ್ಷೆ ಕೇಳುವುದು ದ್ವಿತೀಯ ವರ್ಷದ ಪಾಠಗಳನ್ನು ಮಾತ್ರ. ಪ್ರಶ್ನೆಗಳಲ್ಲಿ ಆಯ್ಕೆಯಿರುತ್ತದೆ, ಹಂತ ಹಂತವಾಗಿ ಬರೆದದ್ದಕ್ಕೆ ಅಂಕವಿರುತ್ತದೆ, ಕೊನೆಯ ಉತ್ತರ ತಪ್ಪಿದರೂ ಪೂರ್ತಿ ಕಳೆದುಕೊಳ್ಳುವುದಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡು. ಅದರಲ್ಲಿ ಪ್ರಥಮ ಪಿಯು ಪಾಠಗಳೂ ಇರುತ್ತವೆ. ನಮ್ಮ ಜಿಲ್ಲೆಯಲ್ಲಿ ಪ್ರಥಮ ಪಿಯುವನ್ನು ಉಸಿರಾಡುವ ವರ್ಷವೆಂದೇ ಮಕ್ಕಳೂ ಮನೆಯವರೂ ಭಾವಿಸಿದ್ದಾರೆ, ಆ ಅಂಕ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂಬ ಧೈರ್ಯ ಬೇರೆ. ಪಿಯು ಪರೀಕ್ಷೆ ಮುಗಿದು ಸಿಇಟಿಗೆ ಉಳಿಯುವ ಕೆಲವೇ ವಾರಗಳಲ್ಲಿ ಪ್ರಥಮ ವರ್ಷದ ವೆಕ್ಟರು, ತ್ರಿಕೋನಮಿತಿ, ರಾಸಾಯನಿಕ ಬಂಧಗಳನ್ನೆಲ್ಲ ಮೊದಲಿನಿಂದ ಓದಲು ಯಾರಿಂದ ಸಾಧ್ಯ? ವಸತಿ ಕಾಲೇಜುಗಳ ಮಕ್ಕಳು ಬುದ್ಧಿಯಲ್ಲಿ ನಮ್ಮ ಮಕ್ಕಳಿಗಿಂತ ಮೇಲೆಂದು ನಾನು ಒಪ್ಪುವುದಿಲ್ಲ. ಅವರಿಗೆ ಎರಡೂ ವರ್ಷ ವಾರವಾರವೂ ಬಹು ಆಯ್ಕೆಯ ಪರೀಕ್ಷೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ವಿರಾಜಪೇಟೆ ನೇರನುಡಿ:
ಉಪನ್ಯಾಸಕಿಯವರು ಕಾಲೇಜುಗಳ ತಪ್ಪನ್ನು ಮಕ್ಕಳ ಮೇಲೂ ಮನೆಯವರ ಮೇಲೂ ಹೊರಿಸುತ್ತಿದ್ದಾರೆ. ಎರಡು ವರ್ಷ ನೋಟ್ಸ್ ಬರೆಸಿ, ಅದನ್ನೇ ಒಪ್ಪಿಸುವಂತೆ ಮಾಡಿ, ಫಲಿತಾಂಶ ಬಂದ ದಿನ ಫಲಕದಲ್ಲಿ ಫೋಟೋ ಹಾಕಿಸುವ ಕಾಲೇಜುಗಳಿಗೆ ಸಿಇಟಿಯ ಚಿಂತೆ ಏಕೆ ಬರುತ್ತದೆ?

ಪಿಯು ಉಪನ್ಯಾಸಕಿ, ಗೋಣಿಕೊಪ್ಪ:
ತಪ್ಪು ಕಾಲೇಜಿನದೂ ಹೌದು, ಇಲ್ಲವೆಂದು ನಾನು ಹೇಳಿಲ್ಲ. ಆದರೆ ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಊರು ಸೇರಲು ಬೇರೆ ದಾರಿಯಿಲ್ಲದ ಮಕ್ಕಳನ್ನು ಹೆಚ್ಚುವರಿ ತರಗತಿಗೆ ಕೂರಿಸಿಕೊಳ್ಳುವುದು ಹೇಗೆಂದು ನೀವೂ ಸ್ವಲ್ಪ ಯೋಚಿಸಬೇಕು.

ಮಂಗಳೂರಿನಲ್ಲಿರುವ ಕೊಡಗಿನವ:
ನನ್ನ ಸಲಹೆ ಸ್ಪಷ್ಟವಾಗಿದೆ: ಒಂದು ವರ್ಷ ಬಿಡಿಸಿ. ಪಿಯು ಅಂಕ ಹಾಗೆಯೇ ಉಳಿಯುತ್ತದೆ, ಸಿಇಟಿಯಲ್ಲಿ 120 ತಂದರೆ ಒಟ್ಟು 81 ಆಗುತ್ತದೆ. ಸುಮಾರು ಒಂಬತ್ತು ಅಂಕ ಮೇಲೇರಿದರೆ ಕಾಲೇಜಿನ ದರ್ಜೆಯೇ ಬದಲಾಗುತ್ತದೆ. ಬದುಕಿನುದ್ದಕ್ಕೂ ಉಳಿಯುವ ಪದವಿಗಾಗಿ ಒಂದು ವರ್ಷ ಕೊಡುವುದು ದೊಡ್ಡದಲ್ಲ.

ಕುಶಾಲನಗರದ ಹಳೆ ವಿದ್ಯಾರ್ಥಿ:
ತಂದರೆ ಎಂಬ ಒಂದು ಮಾತಿನಲ್ಲಿ ಎಷ್ಟು ಭಾರವಿದೆ ನೋಡಿ. ಮರುಪ್ರಯತ್ನ ಮಾಡಿದವರಲ್ಲಿ ಏರಿದವರೂ ಇದ್ದಾರೆ, ಇದ್ದಲ್ಲೇ ನಿಂತವರೂ ಇದ್ದಾರೆ. ನಿಂತವರ ಫೋಟೋವನ್ನು ಕೋಚಿಂಗ್ ಕೇಂದ್ರಗಳು ಜಾಹೀರಾತಿನಲ್ಲಿ ಹಾಕುವುದಿಲ್ಲ. ನಿಯಮಗಳೂ ಯಾವಾಗ ಹೇಗೆ ತಿರುಗುತ್ತವೆಂದು ಹೇಳಲಾಗದು. 2021ರಲ್ಲಿ ಕೋವಿಡ್ ಕಾರಣದಿಂದ ಪಿಯು ಪರೀಕ್ಷೆಯೇ ನಡೆಯದೆ ಸಿಇಟಿ ಅಂಕವೊಂದನ್ನೇ ಹಿಡಿದು ರ‍್ಯಾಂಕ್ ಕೊಟ್ಟರು. ಮರುವರ್ಷ ಆ ತಂಡದವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಪರಿಗಣಿಸಲಿಲ್ಲವೆಂದು ವಿಷಯ ಹೈಕೋರ್ಟಿನ ತನಕ ಹೋಯಿತು. ಪ್ರತಿ ವರ್ಷ ಹಾಗಾಗುವುದಿಲ್ಲ ನಿಜ, ಆದರೆ ಒಂದು ವರ್ಷವನ್ನು ಪಣಕ್ಕಿಡುವವರು ಅದನ್ನೂ ತಿಳಿದಿರಬೇಕು.

ನಾನು ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. 2007ರಲ್ಲಿ ಆರಂಭವಾದ ಕಾಲೇಜು ಅದು, ಪದವಿ ಕೊಡುವುದು ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯುವೇ, ಪ್ರಶ್ನೆಪತ್ರಿಕೆ ಮೈಸೂರಿನ ವಿಟಿಯು ಕಾಲೇಜಿನವರಿಗೆ ಬರುವಂಥದ್ದೇ, ಶುಲ್ಕ ಸರ್ಕಾರಿ ದರದ್ದು. ಕಂಪನಿಗಳು ಮೈಸೂರಿಗೆ ಬರುವಷ್ಟು ಕುಶಾಲನಗರಕ್ಕೆ ಬರುವುದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಹಾಗೆಂದು ಅದಕ್ಕಾಗಿ ಒಂದು ವರ್ಷ ಬಿಡಬೇಕೇ?

ಕಾಫಿ ಲೆಕ್ಕಿಗ, ಸಿದ್ದಾಪುರ:
ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ಯಾರೂ ಮಾತನಾಡಲಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ರೊಬಸ್ಟಾ ಕಾಫಿಯ ಬೆಲೆ ಏರಿದ ಮೇಲೆ ನಮ್ಮ ಕಡೆಯ ಹಲವರು ಮಕ್ಕಳ ಸೀಟಿಗೆ ಹಣ ಸುರಿಯಲು ತಯಾರಾಗಿದ್ದಾರೆ. ಈ ವರ್ಷದ ಬೆಲೆಯನ್ನು ನಂಬಿ ನಾಲ್ಕು ವರ್ಷದ ಶುಲ್ಕಕ್ಕೆ ಒಪ್ಪಿಕೊಳ್ಳುವವರು, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ಏನು ಮಾಡುತ್ತೇವೆಂದು ಮೊದಲೇ ಯೋಚಿಸಲಿ. 286 ತಂದ ಹುಡುಗಿಗೆ ಸರ್ಕಾರಿ ಕೋಟಾದಲ್ಲೇ ಒಂದಲ್ಲ ಒಂದು ಸೀಟು ಸಿಗುತ್ತದೆ, ಅದನ್ನು ನೋಡದೆ ಥೈಲಿ ಬಿಚ್ಚುವುದು ಅವಸರ.

ಇನ್ನೊಂದು ಮಾತು: ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿಗೆ ಅರ್ಹತೆಯಿದೆ. ಪ್ರತಿ ಕೋರ್ಸಿನಲ್ಲಿ ಶೇ. 5ರಷ್ಟಿರುವ ಆ ಸೀಟುಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಪೈಪೋಟಿ ಜೋರಾಗಿರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ವಿರಾಜಪೇಟೆಯ ತಾಯಿ:
ನನ್ನ ಮಗ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಬರೆದಿದ್ದಾನೆ. ಅವನಿಗೂ ಪಿಯುನಲ್ಲಿ 280ರ ಮೇಲಿದೆ. ಅಲ್ಲಿ ಈ ಅಂಕ ಸಹಾಯಕ್ಕೆ ಬರುವುದೇ?

ಲೆಕ್ಕದ ಮೇಷ್ಟ್ರು, ಮಡಿಕೇರಿ:
ಬರುವುದಿಲ್ಲ. ಕಾಮೆಡ್‌ಕೆಯಲ್ಲಿ ಪಿಯು ಅಂಕವು ಬಾಗಿಲು ದಾಟಲು ಬೇಕಾದ ಕನಿಷ್ಠ ಅರ್ಹತೆ ಮಾತ್ರ, ರ‍್ಯಾಂಕ್ ನಿರ್ಧಾರವಾಗುವುದು ಅವರ ಪರೀಕ್ಷೆಯಿಂದಲೇ. ಕೇಂದ್ರದ ತಾಂತ್ರಿಕ ಸಂಸ್ಥೆಗಳ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್ಸ್ ಕೂಡ ಹಾಗೆಯೇ: 2013ರಿಂದ 2016ರ ತನಕ ಬೋರ್ಡ್ ಅಂಕಕ್ಕೆ ಶೇ. 40ರ ತೂಕವಿತ್ತು, 2017ರಿಂದ ಅದನ್ನು ತೆಗೆದುಹಾಕಿದರು. ಈಗ ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಸೇರಲು ಶೇ. 75ರ ಅರ್ಹತೆಯನ್ನು ನೋಡುತ್ತಾರೆ, ಅಲ್ಲಿಗೆ ಪಿಯುವಿನ ಪಾತ್ರ ಮುಗಿಯಿತು. ನೀಟ್‌ನಲ್ಲಿಯೂ ಪಿಯು ಅಂಕ ಅರ್ಹತೆಗಷ್ಟೇ. ಮಡಿಕೇರಿಯಲ್ಲೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ಅದರ ಗೇಟಿನ ಎದುರು ಮನೆಯಿರುವವರಿಗೂ 720ರಲ್ಲಿ ಎಷ್ಟು ಬಂತೆಂಬುದೇ ಮುಖ್ಯ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೂ ಸಿಯುಇಟಿ ಬಂದಿದೆ, ಅಲ್ಲಿಯೂ ಅದೇ ಕಥೆ. ಒಟ್ಟಿನಲ್ಲಿ ಪಿಯು ಅಂಕಕ್ಕೆ ಪೂರ್ತಿ ಅರ್ಧ ಪಾಲು ಕೊಡುವ ನಮ್ಮ ರಾಜ್ಯದ ಸಿಇಟಿಯೇ ಇಂಥ ಮಕ್ಕಳಿಗೆ ತವರುಮನೆ.

ಮಾಜಿ ಸೈನಿಕ, ಪೊನ್ನಂಪೇಟೆ:
ಕಾರ್ಯಪ್ಪನವರ, ತಿಮ್ಮಯ್ಯನವರ ನಾಡಿನ ಮಗಳು ಸೇನಾ ಅಧಿಕಾರಿಗಳ ತರಬೇತಿಗೆ ಸೇರಿಸುವ ಎನ್‌ಡಿಎ ಬರೆಯಬಾರದೇಕೆ? 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆಯುತ್ತಿದ್ದಾರೆ.

ಕುಶಾಲನಗರದ ಹಳೆ ವಿದ್ಯಾರ್ಥಿ:
ಗೌರವದಿಂದಲೇ ಹೇಳುತ್ತೇನೆ: ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ ಪಿಯು ಅಂಕಕ್ಕೆ ಪಾಲಿಲ್ಲ, ತಪ್ಪು ಉತ್ತರಕ್ಕೆ ಅಂಕವನ್ನೂ ಕಡಿಯುತ್ತಾರೆ. ವಸ್ತುನಿಷ್ಠ ಪರೀಕ್ಷೆಯೇ ತೊಡಕಾಗಿರುವ ಹುಡುಗಿಗೆ ಇನ್ನೊಂದು ವಸ್ತುನಿಷ್ಠ ಪರೀಕ್ಷೆಯನ್ನು ಪರಿಹಾರವೆಂದು ಸೂಚಿಸಿದಂತಾಯಿತು.

ಮಾಜಿ ಸೈನಿಕ, ಪೊನ್ನಂಪೇಟೆ:
ಹುಡುಗಿಗೆ ಆಸೆಯಿದ್ದರೆ ತೊಡಕು ಬಿಡಿಸಿಕೊಳ್ಳುತ್ತಾಳೆ. ನೀವು ಅವಳ ಪರವಾಗಿ ಬೇಡವೆನ್ನಬೇಕಾಗಿಲ್ಲ.

ಸೋಮವಾರಪೇಟೆ ಸೋದರಮಾವ:
ನಾಪೋಕ್ಲಿನವರಾದರೆ ಗ್ರಾಮೀಣ ಕೋಟಾ ಸಿಗುತ್ತದಲ್ಲ? ಹಳ್ಳಿಯಲ್ಲಿ ಮನೆಯಿದ್ದರೆ ಸಾಕು, ಶೇ. 15 ಸೀಟು ಅವರಿಗೇ ಮೀಸಲು.

ಪಿಯು ಉಪನ್ಯಾಸಕಿ, ಗೋಣಿಕೊಪ್ಪ:
ಈ ತಪ್ಪು ತಿಳಿವಳಿಕೆಯಿಂದ ದಾಖಲೆ ಪರಿಶೀಲನೆಯ ದಿನ ಪೇಚಿಗೆ ಸಿಕ್ಕವರು ಬಹಳ ಮಂದಿ. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳನೆಯ ತರಗತಿಯವರೆಗೆ ಊರಿನಲ್ಲಿ ಓದಿ ಎಂಟಕ್ಕೆ ಮಡಿಕೇರಿಯ ಶಾಲೆಗೆ ಸೇರಿಸಿದ್ದರೆ ಕೋಟಾ ಕೈತಪ್ಪಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿಯೂ ಬೇಕು. ಕನ್ನಡ ಮಾಧ್ಯಮದ ಶೇ. 5ಕ್ಕೂ ಅದೇ ಹತ್ತು ವರ್ಷದ ನಿಯಮವಿದೆ. ಇವನ್ನು ಸಿಇಟಿ ಅರ್ಜಿಯಲ್ಲೇ ಕೋರಿರಬೇಕು, ಆದ್ದರಿಂದ ಮೊದಲು ನಿಮ್ಮ ಅರ್ಜಿಯ ಪ್ರತಿ ತೆಗೆದು ನೋಡಿ. ನಿಮ್ಮದು 3ಎ ಆಗಿದ್ದರೆ ಆ ಜಾತಿ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂಬುದನ್ನೂ ಅದೇ ಸಮಯದಲ್ಲಿ ಪರೀಕ್ಷಿಸಿಬಿಡಿ.

ನಾಪೋಕ್ಲು ತೋಟದವ:
ಅರ್ಜಿ ತೆಗೆದು ನೋಡಿದೆ. ಹತ್ತನೆಯ ತರಗತಿಯವರೆಗೆ ನಾಪೋಕ್ಲಿನಲ್ಲೇ ಓದಿದ್ದರಿಂದ ಗ್ರಾಮೀಣ ಕೋಟಾ ಕೋರಿದ್ದೇವೆ. ಆಂಗ್ಲ ಮಾಧ್ಯಮವಾದ್ದರಿಂದ ಕನ್ನಡ ಮಾಧ್ಯಮದ ಪ್ರಶ್ನೆ ಬರುವುದಿಲ್ಲ. ಅರಣ್ಯಶಾಸ್ತ್ರದ ಬಗ್ಗೆ ಯಾರೂ ಹೇಳಲಿಲ್ಲ. ಅವಳು ಜೀವಶಾಸ್ತ್ರವನ್ನೂ ಓದಿದ್ದಾಳೆ.

ಅರಣ್ಯ ಕಾಲೇಜಿನವಳು:
ನಾನು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿದವಳು. ಅದು ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ರಾಜ್ಯದಲ್ಲಿ ಅರಣ್ಯಶಾಸ್ತ್ರ ಪದವಿಗೆ ಶಿರಸಿಯ ಕಾಲೇಜು ಬಿಟ್ಟರೆ ನಮ್ಮದೇ. ಕೃಷಿ ಸಂಬಂಧಿತ ಕೋರ್ಸುಗಳ ರ‍್ಯಾಂಕಿನಲ್ಲೂ ಪಿಯು ಅಂಕ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿಯಿದ್ದು ಅದರಡಿ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಅಲ್ಲಿ ಬೀಜ, ಬೆಳೆ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ.

ಇಲ್ಲಿಯೇ ನಮ್ಮ ಕೊಡಗಿನ ಮಕ್ಕಳು ಎಡವುವುದು. ಕಾಫಿ, ಕರಿಮೆಣಸು, ಏಲಕ್ಕಿ, ಭತ್ತ ಎಂದರೆ ಕಣ್ಣು ಮುಚ್ಚಿ ಹೇಳುತ್ತಾರೆ, ಆದರೆ ಸಜ್ಜೆಯನ್ನೋ ಕುಸುಬೆಯನ್ನೋ ಮುಂದಿಟ್ಟರೆ ಮುಖ ನೋಡುತ್ತಾರೆ. ಬಯಲುಸೀಮೆಯ ನೆಂಟರಿದ್ದರೆ ಒಂದು ವಾರ ಅಲ್ಲಿಗೆ ಕಳುಹಿಸಿ ಬೀಜಗಳ ಪರಿಚಯ ಮಾಡಿಸಿ, ಯಾವ ಕೋಚಿಂಗಿಗಿಂತಲೂ ಅದು ಹೆಚ್ಚು ಉಪಯೋಗಕ್ಕೆ ಬಂದೀತು.

ಕಾಫಿ ಲೆಕ್ಕಿಗ, ಸಿದ್ದಾಪುರ:
ದಾಖಲೆಯ ವಿಷಯ ಸೇರಿಸುತ್ತೇನೆ. ಕೊಡಗಿನ ವಂಶಪಾರಂಪರ್ಯ ಕೌಟುಂಬಿಕ ಭೂಮಿಯಾದ ಜಮ್ಮಾ ಹಿಡುವಳಿಯಾದರೆ ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಕುಟುಂಬದ ಪರವಾಗಿ ದಾಖಲಾದ ಹಿರಿಯರ ಹೆಸರು ಮೊದಲಿರುತ್ತದೆ, ನಿಮ್ಮ ಹೆಸರು ಕುಟುಂಬದ ಪಟ್ಟಿಯಲ್ಲಿ ಎಲ್ಲೋ ಇರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಮಗಳು, ನೀವು, ಪಟ್ಟೇದಾರರು ಈ ಮೂವರ ಸಂಬಂಧ ತೋರಿಸುವ ವಂಶವೃಕ್ಷವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ತಾಲ್ಲೂಕು ಕಚೇರಿಗೆ ಹೋದರೆ ಒಕ್ಕದ, ಅಂದರೆ ಮನೆತನದ, ಇತಿಹಾಸವನ್ನೆಲ್ಲ ಕಿಟಕಿಯಲ್ಲಿ ನಿಂತು ವಿವರಿಸಬೇಕಾಗುತ್ತದೆ.

ವಿರಾಜಪೇಟೆಯ ತಾಯಿ:
ಇಷ್ಟದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಯಲ್ಲಿ ಸಿಗದ ಕಾಲೇಜುಗಳನ್ನು ಮೇಲೆ ಹಾಕಿದರೆ ಸಿಗುವ ಕಾಲೇಜೂ ಹೋಗುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಲೆಕ್ಕದ ಮೇಷ್ಟ್ರು, ಮಡಿಕೇರಿ:
ನಿಜವಲ್ಲ, ಮತ್ತು ಇದನ್ನು ಹಬ್ಬಿಸುವವರಿಂದ ಎಷ್ಟೋ ಮಕ್ಕಳಿಗೆ ಹಾನಿಯಾಗಿದೆ. ಗಣಕಯಂತ್ರವು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಮೊದಲ ಹತ್ತು ಆಯ್ಕೆಗಳು ಸಿಗದಿದ್ದರೆ ಹನ್ನೊಂದನೆಯದಕ್ಕೆ ಹೋಗುತ್ತದೆ, ಅದಕ್ಕಾಗಿ ಶಿಕ್ಷೆಯೇನೂ ಇಲ್ಲ. ಆದ್ದರಿಂದ ಮೈಸೂರಿನ ಕಂಪ್ಯೂಟರ್ ಸೈನ್ಸ್ ಆಯ್ಕೆಗಳು ಎಲ್ಲಕ್ಕಿಂತ ಮೇಲಿರಲಿ, ಅದರ ಕೆಳಗೆ ಮೈಸೂರಿನ ಇನ್‌ಫರ್ಮೇಶನ್ ಸೈನ್ಸ್ ಮತ್ತು ಎಲೆಕ್ಟ್ರಾನಿಕ್ಸ್, ಆಮೇಲೆ ಕುಶಾಲನಗರ ಮತ್ತು ಪೊನ್ನಂಪೇಟೆಯ ಕಾಲೇಜುಗಳ ಕಂಪ್ಯೂಟರ್ ಸೈನ್ಸ್. ಹಾಸನ, ಮಂಡ್ಯ, ಪುತ್ತೂರು, ಸುಳ್ಯಗಳನ್ನು ಮರೆಯಬೇಡಿ. ನಿಜವಾದ ಹಂಚಿಕೆಗೆ ಮುನ್ನ ನಡೆಯುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಪರವಾಗಿಲ್ಲ, ಆದರೆ ಇನ್ನೂ ಮೇಲಿನದು ಬೇಕೆಂದಿದ್ದರೆ ಚಾಯ್ಸ್ 2 ಒತ್ತಬೇಕು: ಕೈಯಲ್ಲಿರುವುದು ಉಳಿಯುತ್ತದೆ, ಮೇಲಿನದು ಬಂದರೆ ಅದು ಸಿಗುತ್ತದೆ.

ಭಾಗಮಂಡಲದವ:
ಈ ಎಲ್ಲ ಬುದ್ಧಿವಾದದ ನಡುವೆ ಒಂದು ಸಣ್ಣ ಸಂಗತಿ ಬಿಟ್ಟುಹೋಗಿದೆ. ಆಪ್ಷನ್ ಎಂಟ್ರಿ ನಡೆಯುವುದು ಮಳೆಗಾಲದಲ್ಲಿ. ನಮ್ಮಲ್ಲಿ ಆಗ ವಿದ್ಯುತ್ ಇರುವುದಿಲ್ಲ, ಟವರ್ ಡೀಸೆಲ್ ಮುಗಿದರೆ ಫೋನೂ ಇರುವುದಿಲ್ಲ, ಒಟಿಪಿ ಬರುವುದು ಮಾತ್ರ ಅದೇ ಫೋನಿಗೆ. ಕಕ್ಕಡ ತಿಂಗಳ ಮಳೆಯಲ್ಲಿ ಮರದ ಕೆಳಗೆ ನಿಂತು ಒಟಿಪಿ ಕಾಯುವ ಬದಲು ಮೈಸೂರಿನಲ್ಲಿ ನೆಂಟರಿದ್ದರೆ ಆ ವಾರ ಅಲ್ಲಿಯೇ ಉಳಿಯುವುದು ವಾಸಿ.

ಮಂಗಳೂರಿನಲ್ಲಿರುವ ಕೊಡಗಿನವ:
ಇಷ್ಟೆಲ್ಲ ಓದಿದ ಮೇಲೆಯೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಳ್ಳೆಯ ಕಾಲೇಜಿಗಾಗಿ ಇನ್ನೊಮ್ಮೆ ಪ್ರಯತ್ನಿಸಬಾರದೆಂಬ ಕಾನೂನಿಲ್ಲ.

ಪಿಯು ಉಪನ್ಯಾಸಕಿ, ಗೋಣಿಕೊಪ್ಪ:
ಕಾನೂನಿಲ್ಲ, ಆದರೆ ಕ್ರಮವಿದೆ. ಮೊದಲು ರ‍್ಯಾಂಕ್ ಬರಲಿ, ಎರಡು ಸುತ್ತು ಮುಗಿಯಲಿ, ಕೈಗೆ ಏನು ಸಿಕ್ಕಿತೆಂದು ನೋಡಿ ಆಮೇಲೆ ವರ್ಷ ಬಿಡುವ ಮಾತನಾಡಿ. ಏನು ಸಿಗುತ್ತದೆಂದು ತಿಳಿಯುವ ಮೊದಲೇ ಮುಂಗಡ ಕಟ್ಟಿಸಿಕೊಳ್ಳುವ ಕೋಚಿಂಗ್ ಕೇಂದ್ರಕ್ಕೆ ಸೇರಿಸಿದರೆ, ಆ ಹಣ ಹೋಗುತ್ತದೆಂಬ ಸಂಕಟಕ್ಕೇ ಮಗು ವರ್ಷ ಬಿಡಬೇಕಾಗುತ್ತದೆ.

ನಾಪೋಕ್ಲು ತೋಟದವ:
ಮಗಳಿಗೆ ಇವನ್ನೆಲ್ಲ ಓದಿ ಹೇಳಿದೆ. ಕೋಚಿಂಗಿನವರ ಕರೆಗಳಿಗೆ ಸದ್ಯ ಉತ್ತರಿಸುವುದಿಲ್ಲವೆಂದು ನಿರ್ಧರಿಸಿದ್ದೇವೆ. ಸೋಮವಾರ ವಂಶವೃಕ್ಷಕ್ಕಾಗಿ ತಾಲ್ಲೂಕು ಕಚೇರಿಗೆ ಹೋಗುತ್ತೇನೆ. ಪಟ್ಟೇದಾರರಾಗಿದ್ದ ನಮ್ಮ ದೊಡ್ಡಪ್ಪ ತೀರಿಕೊಂಡಿದ್ದಾರೆ, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ. ಅದಕ್ಕೆ ಏನು ಮಾಡಬೇಕು?

ಕಾಫಿ ಲೆಕ್ಕಿಗ, ಸಿದ್ದಾಪುರ:
ಮರಣ ಪ್ರಮಾಣಪತ್ರದ ಪ್ರತಿ ಜೊತೆಗಿಟ್ಟುಕೊಂಡು ಮೊದಲು ಗ್ರಾಮ ಆಡಳಿತಾಧಿಕಾರಿಯವರನ್ನು ಕಾಣಿ. ಪಟ್ಟೇದಾರಿಕೆಯ ಬದಲಾವಣೆಗೆ ಒಕ್ಕದವರೆಲ್ಲ ಒಪ್ಪಿ ಸಹಿ ಹಾಕಲು ವರ್ಷದ ಕೊನೆಯ ಹುತ್ತರಿ ಹಬ್ಬದವರೆಗೂ ಹಿಡಿದೀತು, ಆದ್ದರಿಂದ ಸದ್ಯಕ್ಕೆ ವಂಶವೃಕ್ಷ ಮಾಡಿಸಿ ರೈತ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟುಬಿಡಿ.